2000 ಲೀಟರ್ ಬಯೋ ಸೆಪ್ಟಿಕ್ ಟ್ಯಾಂಕ್: ಮೂರು ಮಳೆಗಾಲ ಕಳೆದ ಮೇಲೆ ಬರೀತಿರೋ ರಿವ್ಯೂ

ಟಾಯ್ಲೆಟ್ ಕೊಳಚೆಗೆ ಅಂತ ನೆಲದಲ್ಲಿ ಹುಗಿಯೋ ಈ ಟ್ಯಾಂಕಿಗೆ ಐದಕ್ಕೆ ಮೂರೂವರೆ. ಅದನ್ನ ತಂದು ಹುಗಿದು ಹೋದವರಿಗೆ ಒಂದು, ಅದೂ ಫೋನ್ ಮಾಡಿದಾಗೆಲ್ಲ ಎತ್ತುತ್ತಿದ್ರು ಅನ್ನೋ ಕಾರಣಕ್ಕೆ. ಕಂಪನಿ ಹೆಸರು ಹಾಕಲ್ಲ, ಕೇಳ್ಬೇಡಿ. ಈಗ ಈ ತರದ ಫೈಬರ್ ಟ್ಯಾಂಕ್ ಮಾರೋರು ತುಂಬಾ ಜನ ಇದ್ದಾರೆ, ಎಲ್ಲಾದೂ ಹೆಚ್ಚುಕಮ್ಮಿ ಒಂದೇ ತರ, ಎಲ್ಲರ ಬ್ರೋಷರಲ್ಲೂ ಅದೇ ಹಸಿರು ಎಲೆ ಚಿತ್ರ, ಹಾಗಾಗಿ ನಾನು ಹೇಳೋದು ಯಾರದ್ದು ತಗೊಂಡ್ರೂ ಉಪಯೋಗಕ್ಕೆ ಬರತ್ತೆ, ಮುಖ್ಯವಾಗಿ ಕಡಲ ಬದಿಯವರಿಗೆ.

ಮೊದ್ಲು ಜಾಗ ಹೇಳ್ತೀನಿ ಇಲ್ಲಾಂದ್ರೆ ಮುಂದಿನದು ಅರ್ಥ ಆಗಲ್ಲ. ನಮ್ಮನೆ ಮರವಂತೆ ಕಡೆ. ಹೈವೇಲಿ ಹೋದವರಿಗೆ ಗೊತ್ತು, ಒಂದು ಬದಿ ಕಡಲು ಇನ್ನೊಂದು ಬದಿ ಸೌಪರ್ಣಿಕಾ ಹೊಳೆ, ಗಾಡಿ ನಿಲ್ಸಿ ಫೋಟೋ ಹೊಡ್ಕೊಳ್ಳದೆ ಯಾರೂ ಮುಂದೆ ಹೋಗಲ್ಲ. ಆ ಫೋಟೋದಲ್ಲಿ ಕಾಣದೇ ಇರೋದು ಎಂತ ಅಂದ್ರೆ ಮಳೆಗಾಲದಲ್ಲಿ ನಮ್ಮ ಕಾಲಡಿ ಇರೋದು ನೆಲ ಅಲ್ಲ, ನೀರಿನ ಮೇಲೆ ಹಾಸಿದ ಹೊಯ್ಗೆ, ಅಂದ್ರೆ ಮರಳು. ಏಪ್ರಿಲಲ್ಲಿ ಬಾವೀಲಿ ಹನ್ನೆರಡು ಅಡಿ ಕೆಳಗಿದ್ದ ನೀರು ಜುಲೈಯಲ್ಲಿ ಮೂರಡಿಗೆ ಬಂದು ನಿಂತಿರತ್ತೆ, ಹಗ್ಗ ಎಂತಕ್ಕೆ, ಬಗ್ಗಿದ್ರೆ ಕೊಡಪಾನ ತುಂಬತ್ತೆ ಅಂತಾರೆ ನಮ್ಮತ್ತೆ.

ಮನೇಲಿ ಆರು ಜನ, ಹಿಂದುಗಡೆ ಎರಡು ರೂಮು ಹೋಂಸ್ಟೇಗೆ ಕೊಡ್ತೀವಿ. ಮೊದ್ಲು ಇದ್ದದ್ದು ಮಾವನವರು ಟಾಯ್ಲೆಟ್‌ಗೆ ಕಟ್ಟಿಸಿದ ಕಲ್ಲಿನ ಒಂದೇ ಗುಂಡಿ, ಅಡಿ ಓಪನ್ನು. ಯಾವತ್ತೂ ತುಂಬಿದ್ದೇ ಇಲ್ಲ, ಅದಕ್ಕೇ ಅದನ್ನ ಒಳ್ಳೆ ಗುಂಡಿ ಅಂತ ಹೊಗಳ್ತಿದ್ವಿ! ತುಂಬದೇ ಹೋದದ್ದೆಲ್ಲ ಎಲ್ಲಿಗೆ ಹೋಯ್ತು ಅಂತ ಯಾರೂ ಯೋಚ್ನೆ ಮಾಡಿರ್ಲಿಲ್ಲ. ಗುಂಡಿಯಿಂದ ಬಾವಿಗೆ ಟೇಪ್ ಹಿಡ್ದು ನೋಡಿದ್ರೆ ಇಪ್ಪತ್ತೆರಡು ಅಡಿ. ನೀರು ಇಷ್ಟು ಮೇಲೆ ಬರೋ ಜಾಗದಲ್ಲಿ ಕಮ್ಮಿ ಅಂದ್ರೂ 10 ಮೀಟರ್, ಅಂದ್ರೆ ಮೂವತ್ಮೂರು ಅಡಿ ದೂರ ಬೇಕಂತೆ. ಎಂಟು ಸೆಂಟ್ಸ್ ಜಾಗದಲ್ಲಿ ಮನೆ, ಬಾವಿ, ನಾಲ್ಕು ತೆಂಗು, ಒಂದು ಕಟ್ಟೆ, ಆಮೇಲೆ ಆಚೆಮನೆಯವರ ಬಾವಿ ಗೋಡೆ ಪಕ್ಕಕ್ಕೇ ಇದೆ, ಎಲ್ಲಿಂದ ತರೋದು ಮೂವತ್ಮೂರು ಅಡಿ.

ಟ್ಯಾಂಕ್ ತಗೊಳ್ಳೋಕೆ ಕಾರಣ ಆಗಿದ್ದು ಒಂದು ಸಣ್ಣ ಬಾಟ್ಲಿ. ನೀರು ಟೆಸ್ಟ್ ಮಾಡೋಕೆ ಪಂಚಾಯ್ತಿ ಕಡೆಯಿಂದ ಟ್ರೈನಿಂಗ್ ಆದ ಹೆಂಗಸ್ರು ಕಿಟ್ ಹಿಡ್ಕೊಂಡು ಮನೆಮನೆಗೆ ಬಂದಿದ್ರು, ಅದ್ರಲ್ಲಿ ಒಂದು ಬಾಟ್ಲಿ ಕೊಟ್ಟು ಬಾವಿ ನೀರು ಗುರುತಿನವರೆಗೆ ತುಂಬ್ಸಿ ಮುಚ್ಚಳ ಹಾಕಿ ಇಡಿ, ಒಂದೆರಡು ದಿನದಲ್ಲಿ ಕಪ್ಪಾದ್ರೆ ಕೊಳಕು ಸೇರಿದೆ ಅಂತ ಲೆಕ್ಕ ಅಂದ್ರು. ದೇವರ ಕೋಣೆ ಕಿಟಕಿ ಮೇಲೆ ಇಟ್ಟಿದ್ದೆ. ಮಾರನೇ ದಿನ ಬೆಳಿಗ್ಗೆ ದೀಪ ಹಚ್ಚೋಕೆ ಹೋದ ಅತ್ತೆ "ಇದೆಂತ ಮಸಿ ಇಲ್ಲಿಟ್ಟದ್ದು" ಅಂತ ಕೂಗಿದ್ರು. ನಿಜವಾಗ್ಲೂ ಮಸಿನೇ, ಬಾಟ್ಲಿ ಆಚೆ ಬದಿ ಕಾಣದಷ್ಟು ಕಪ್ಪು. ಕುಡಿಯೋ ನೀರಲ್ಲಿ ಈಕೊಲೈ ಅನ್ನೋ ಮಲದ ಬ್ಯಾಕ್ಟೀರಿಯಾ 100 ಎಂಎಲ್‌ಗೆ ಒಂದೂ ಕಾಣಬಾರ್ದು ಅಂತ ರೂಲು, ನಮ್ಮದು ಒಂದು ರಾತ್ರಿಗೇ ಹೀಗೆ. ಅವತ್ತಿಂದ ಕುದಿಸದೆ ಒಂದು ಲೋಟ ಯಾರಿಗೂ ಕೊಟ್ಟಿಲ್ಲ.

ಆಗ ಬಂದ್ರು ಟ್ಯಾಂಕಿನವ್ರು. ಸೇಲ್ಸ್ ಹುಡುಗ ಮಾತಲ್ಲಿ ಜೋರು. "ಮೇಂಟೆನೆನ್ಸೇ ಇಲ್ಲ ಮೇಡಂ, ಒಂದ್ಸಲ ಬ್ಯಾಕ್ಟೀರಿಯಾ ಹಾಕಿದ್ರೆ ಲೈಫ್ ಲಾಂಗ್, ಸಿಯಾಚಿನ್‌ನಲ್ಲೇ ಕೆಲ್ಸ ಮಾಡತ್ತೆ ನಿಮ್ಮಲ್ಲಿ ಮಾಡಲ್ವಾ?" ರಕ್ಷಣಾ ಸಂಶೋಧನೆ ಮಾಡೋ ಡಿಆರ್‌ಡಿಒದವ್ರು ಹಿಮದಲ್ಲಿರೋ ಸೈನಿಕರಿಗೋಸ್ಕರ, ಬ್ಯಾಕ್ಟೀರಿಯಾದಿಂದ ಮಲ ಕರಗಿಸೋ ಬಯೋ ಡೈಜೆಸ್ಟರ್ ಮಾಡಿದ್ದು ನಿಜ, ಆಮೇಲೆ ಅದೇ ರೈಲಿನ ಟಾಯ್ಲೆಟ್‌ಗಳಿಗೂ ಬಂದದ್ದು ನಿಜ. ನಿಮ್ಮದೂ ಅದೇನಾ ಅಂತ ಕೇಳಿದ್ರೆ "ಅದೇ ಟೆಕ್ನಾಲಜಿ" ಅಂದ, ಹೌದು ಅನ್ಲಿಲ್ಲ. ಅಲ್ಲೇ ಎಚ್ಚರ ಆಗ್ಬೇಕಿತ್ತು ನಂಗೆ. ಸಿಯಾಚಿನ್‌ನಲ್ಲಿ ಚಳಿ ಮಾರಾಯ್ರೆ, ನಮ್ಮಲ್ಲಿ ಇರೋ ಕಷ್ಟ ನೆಲದೊಳಗಿನ ನೀರು, ಅದ್ರ ಬಗ್ಗೆ ಅವ ಒಂದು ಮಾತೂ ಕೇಳ್ಲಿಲ್ಲ, ಬಾವಿ ಕಡೆ ಬಗ್ಗಿ ಕೂಡ ನೋಡ್ಲಿಲ್ಲ.

ಟ್ಯಾಂಕು, ಸಾಗಣೆ, ಫಿಟ್ಟಿಂಗ್ ಎಲ್ಲ ಸೇರಿ 46 ಸಾವಿರ, ಗುಂಡಿ ತೋಡೋ ಖರ್ಚು ನಮ್ದು. ಒಳಗೆ ಮೂರು ಖಾನೆ. ಮೊದಲನೇದ್ರಲ್ಲಿ ಗಟ್ಟಿ ಕೆಳಗೆ ಕೂರತ್ತೆ, ಜಿಡ್ಡು ಮೇಲೆ ತೇಲತ್ತೆ, ಎರಡನೇದ್ರಲ್ಲಿ ಇನ್ನಷ್ಟು ತಿಳಿ ಆಗತ್ತೆ, ಮೂರನೇದ್ರಲ್ಲಿ ಪ್ಲಾಸ್ಟಿಕ್ಕಿನ ಜಾಲರಿ ಚೆಂಡುಗಳು ತುಂಬಿದಾವೆ, ಗಾಳಿ ಬೇಡದ ಬ್ಯಾಕ್ಟೀರಿಯಾ ಅದಕ್ಕೆ ಅಂಟ್ಕೊಂಡು ಕೂತು ಕೊಳಕನ್ನ ತಿನ್ನತ್ತೆ. ಫೈಬರ್ ದಪ್ಪ ಇದೆ, ಮುಚ್ಚಳಕ್ಕೆ ರಬ್ಬರ್ ರಿಂಗ್ ಇದೆ, ಇವತ್ತಿನವರೆಗೂ ಎಲ್ಲೂ ಬಿರುಕು ಬಿಟ್ಟಿಲ್ಲ. ಮುಂದೆ ಅದಕ್ಕೆ ಆದ ಗತಿ ಓದಿದ್ರೆ ಇದು ಸಣ್ಣ ಮಾತಲ್ಲ ಅಂತ ಗೊತ್ತಾಗತ್ತೆ, ಮೂರೂವರೆ ಕೊಟ್ಟದ್ದು ಇದಕ್ಕೇ.

ಬ್ರೋಷರಲ್ಲಿ "20 ಜನಕ್ಕೆ" ಅಂತಿರತ್ತಲ್ಲ ಅದನ್ನ ಸ್ವಲ್ಪ ಬಿಡಿಸಿ ಕೇಳಿ. ಅದು ಬರೀ ಕಮೋಡ್ ನೀರಿನ ಲೆಕ್ಕ. ಸ್ನಾನ, ವಾಷಿಂಗ್ ಮಷಿನ್, ಪಾತ್ರೆ ತೊಳೆದ ನೀರು ಎಲ್ಲ ಅದಕ್ಕೇ ಬಿಟ್ರೆ ಹತ್ತು ಜನಕ್ಕೇ ದಿನಕ್ಕೆ ಸಾವಿರ ಲೀಟರ್ ದಾಟತ್ತೆ, ಬಂದ ನೀರು ಎರಡು ದಿನ ಕೂಡ ಒಳಗೆ ನಿಲ್ಲಲ್ಲ, ಬ್ಯಾಕ್ಟೀರಿಯಾ ಊಟಕ್ಕೆ ಕೂರೋಕೆ ಮುಂಚೆನೇ ಬಾಳೆ ಎತ್ಕೊಂಡು ಹೋದ ಹಾಗೆ. ನಾವು ಬಚ್ಚಲು ನೀರನ್ನ ಬೇರೆ ಮಾಡಿ ತೆಂಗಿನ ಬುಡಕ್ಕೆ ಬಿಟ್ಟಿದೀವಿ, ಅದು ಅತ್ತೆ ಬುದ್ಧಿ, ಕಂಪನಿದಲ್ಲ.

ಮಾರ್ಚಲ್ಲಿ ಹುಗಿದ್ರು. ಗುಂಡಿ ಒಣ ಒಣ, ಇಳಿಸಿ ಸುತ್ತ ಹೊಯ್ಗೆ ತುಂಬಿ ಒಂದೂವರೆ ಗಂಟೇಲಿ ಮುಗ್ಸಿ ಊಟ ಮಾಡಿ ಹೋದ್ರು. ಅಡಿಗೆ ಕಾಂಕ್ರೀಟ್ ಇಲ್ಲ, ಎಂತದೂ ಇಲ್ಲ. ಹೊರಗೆ ಬರೋ ನೀರಿಗೆ ಪಕ್ಕದಲ್ಲೇ ನಾಲ್ಕಡಿ ಇಂಗುಗುಂಡಿ. ನಮ್ಮ ಮೇಸ್ತ್ರಿ ಬಂದು ನೋಡಿ "ಹ್ವಾಯ್, ಇದ್ ಮಳೆಗಾಲ್ದಂಗೆ ನಿಂತ್ರೆ ಕಾಣಿ" ಅಂದಿದ್ರು, ನಾನು ಹಳೇ ಕಾಲದವ್ರು ಹಾಗೇ ಅಂತ ಬಿಟ್ಟೆ.

ಜೂನ್ ಎರಡನೇ ವಾರದವರೆಗೆ ಚಿನ್ನ. ವಾಸನೆ ಇಲ್ಲ, ನೊಣ ಇಲ್ಲ. ಆಮೇಲೆ ಮಳೆ ಹಿಡೀತು, ಫ್ಲಶ್ ಮಾಡಿದ್ರೆ ನೀರು ಗುಳುಗುಳು ಅಂತ ನಿಂತು ಯೋಚ್ನೆ ಮಾಡಿ ಮಾಡಿ ಇಳಿಯೋಕೆ ಶುರು, ರೂಮಲ್ಲಿ ವಾಸನೆ. ಮೀನು ಹಿಡಿಯೋ ಟ್ರಾಲ್ ಬೋಟ್ ಬಂದ್ ಇರೋ ಎರಡು ತಿಂಗಳು ನಮಗೆ ಗೆಸ್ಟೂ ಕಮ್ಮಿ, ಬಂದಿದ್ದ ಒಂದೇ ಬೆಂಗಳೂರು ಫ್ಯಾಮಿಲಿ "ಆಂಟಿ ಇಲ್ಲಿ ಬೀಚ್ ಬ್ಲೂ ಫ್ಲ್ಯಾಗಾ?" ಅಂತ ಕೇಳ್ತಿದಾರೆ, ನಾನು ಆ ಕ್ಲೀನ್ ಬೀಚ್ ಸರ್ಟಿಫಿಕೇಟ್ ಪಡುಬಿದ್ರಿ ಮತ್ತೆ ಹೊನ್ನಾವರದ ಕಾಸರಕೋಡಿಗೆ 2020ರಲ್ಲಿ ಸಿಕ್ಕಿದ್ದು, ಅಲ್ಲಿ ಕಡಲ ನೀರನ್ನ ಟೆಸ್ಟ್ ಮಾಡ್ಲೇಬೇಕು, ಕೊಳಚೆ ಬಿಡೋ ಹಾಗಿಲ್ಲ ಅಂತ ದೊಡ್ಡದಾಗಿ ವಿವರಿಸ್ತಿದ್ರೆ ಹಿಂದೆ ಬಾತ್ರೂಮಿಂದ ಆ ಗುಳುಗುಳು ಸೌಂಡು. ಮರ್ಯಾದೆ ಹೋಯ್ತು.

ಈಗ ಕಾರಣ ಗೊತ್ತು. ಇಂಗುಗುಂಡಿ ಒಳಗೆ ನೆಲದ ನೀರೇ ಬಂದು ತುಂಬಿತ್ತು, ಟ್ಯಾಂಕಿಂದ ನೀರು ಹೊರಗೆ ಹೋಗೋಕೆ ಜಾಗ ಇಲ್ಲ. ಇಂಗೋದು ಬಿಡಿ, ಅದು ಬಾವಿ ತರ ಒರತೆ ಬಿಡ್ತಿತ್ತು. ಆದ್ರೆ ಫೋನಲ್ಲಿ ಕಂಪನಿ ಟೆಕ್ನಿಷಿಯನ್ ಹೇಳಿದ್ದು "ನೀವು ಆ್ಯಸಿಡ್ ಹಾಕಿದೀರಿ ಮೇಡಂ, ಕಲ್ಚರ್ ಅಂದ್ರೆ ಒಳಗಿನ ಬ್ಯಾಕ್ಟೀರಿಯಾ ಸತ್ತಿದೆ, ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಿ, ನಾಳೆ ಬಂದು ಹೊಸ ಕಲ್ಚರ್ ಹಾಕ್ತೀವಿ." ಆ್ಯಸಿಡ್ ಹಾಕಿರ್ಲಿಲ್ಲ. ಆದ್ರೂ ಅವ್ರು ಅಷ್ಟು ಗಟ್ಟಿಯಾಗಿ ಹೇಳಿದ್ಮೇಲೆ ನನಗೇ ಡೌಟ್ ಬಂದು, ಫಿನಾಯಿಲ್ ಜಾಸ್ತಿ ಹಾಕಿದ್ನಾ ಅಂತ ಗೆಸ್ಟ್ ಎದುರೇ ನಮ್ಮನೆಯವರ ಹತ್ರ ಜಗಳ.

ಜುಲೈ ಮಧ್ಯ, ಸಂಜೆ, ಸಕ್ಕಿಂಗ್ ಗಾಡಿ ಬಂತು, ಎಲ್ಲ ಎಳೆದು ಖಾಲಿ ಮಾಡಿ ಹೋಯ್ತು. ನೀರು ಬೆಳಿಗ್ಗೆ ತುಂಬ್ಸಿದ್ರೆ ಆಯ್ತು ಅಂತ ಟೆಕ್ನಿಷಿಯನ್ನೇ ಹೇಳಿದ್ದು. ರಾತ್ರಿ ಇಡೀ ಸುರೀತು. ಮೂರು ಗಂಟೆ ಹೊತ್ತಿಗೆ ಟಪ್ ಅಂತ ಒಂದು ಶಬ್ದ, ಕಾಯಿ ಬಿತ್ತು ಅಂದ್ಕೊಂಡು ಮಲಗಿದ್ವಿ. ಬೆಳಿಗ್ಗೆ ಬಾಗಿಲು ತೆಗೆದ ಅತ್ತೆ ಮಾತಾಡ್ದೆ ನಿಂತ್ಬಿಟ್ರು. ಅಂಗಳದಲ್ಲಿ, ದಾಸವಾಳ ಗಿಡದ ಪಕ್ಕ, ಹೊಯ್ಗೆ ಸೀಳ್ಕೊಂಡು ಟ್ಯಾಂಕು ಎದ್ದು ನಿಂತಿದೆ, ಮೊಟ್ಟೆ ಇಡೋಕೆ ದಡಕ್ಕೆ ಬಂದ ಕಡಲಾಮೆ ಬೆನ್ನಿನ ಹಾಗೆ, ಒಂದು ಬದಿ ಎರಡಡಿ ಮೇಲೆ, ಇನ್ನೊಂದು ಬದಿ ಓರೆ. ನಾಲ್ಕಿಂಚಿನ ಪೈಪು ಕಟ್ಟಾಗಿ ಬಾಯಿ ಬಿಟ್ಕೊಂಡಿದೆ. ಟಪ್ ಅಂದಿದ್ದು ಅದೇ.

ಇದ್ರಲ್ಲಿ ದೊಡ್ಡ ವಿಜ್ಞಾನ ಇಲ್ಲ. ಖಾಲಿ ಕೊಡಪಾನ ಬೋರಲು ಹಾಕಿ ಬಾವಿ ನೀರಲ್ಲಿ ಒತ್ತಿ ನೋಡಿ, ಕೈಯನ್ನೇ ಮೇಲೆ ತಳ್ಳತ್ತೆ. 2000 ಲೀಟರಿನ ಖಾಲಿ ಟ್ಯಾಂಕು ನೀರೊಳಗೆ ಪೂರ್ತಿ ಮುಳುಗಿದ್ರೆ ಅದನ್ನ ಮೇಲೆ ತಳ್ಳೋ ಬಲ ಸುಮಾರು ಎರಡು ಟನ್, ಟ್ಯಾಂಕಿನ ಸ್ವಂತ ತೂಕ ಇಬ್ರು ಗಂಡಸ್ರು ಎತ್ತಿ ಇಳಿಸೋವಷ್ಟು. ಮೇಲಿರೋ ಒಂದಡಿ ಹೊಯ್ಗೆ ಎಲ್ಲಿ ತಡಿಯತ್ತೆ? ತುಂಬಿದ್ದಷ್ಟು ದಿನ ಕೂತಿತ್ತು, ಖಾಲಿ ಮಾಡಿದ ರಾತ್ರೀನೇ ಎದ್ದಿತು. ನೀರು ಮೇಲೆ ಇರೋ ಜಾಗದಲ್ಲಿ ಮಳೆಗಾಲದಲ್ಲಿ ಟ್ಯಾಂಕ್ ಖಾಲಿ ಮಾಡಿಸ್ಲೇಬಾರ್ದು, ತೀರಾ ಮಾಡಿಸ್ಲೇಬೇಕು ಅಂದ್ರೆ ಗಾಡಿ ಗೇಟ್ ದಾಟೋ ಮುಂಚೆ ನೀರು ತುಂಬ್ಸೋಕೆ ಶುರು ಮಾಡ್ಬೇಕು. ಈ ಒಂದು ಸಾಲು ಅವರ ಇಪ್ಪತ್ತು ಪುಟದ ಮ್ಯಾನುಯಲ್‌ನಲ್ಲಿ ಎಲ್ಲೂ ಇಲ್ಲ, ಹುಡುಕಿದೀನಿ, ಗಾರ್ಡನ್‌ಗೆ ಯಾವ ಹೂವು ಚಂದ ಅಂತ ಮಾತ್ರ ಇದೆ.

ಕಂಪನಿಯವ್ರು ಬಂದ್ರು, ನಾಲ್ಕನೇ ದಿನ. ನೋಡಿ "ನ್ಯಾಚುರಲ್ ಕೆಲಾಮಿಟಿ ಮೇಡಂ, ವಾರಂಟೀಲಿ ಬರಲ್ಲ" ಅಂದ್ರು. ಕರಾವಳೀಲಿ ಜುಲೈ ಮಳೆ ಕೆಲಾಮಿಟಿ ಅಂತೆ! ಉಡುಪಿ ಕಡೆ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಸುರಿಯೋದು ಹೊಸದಾ? ಇನ್ನೊಂದು ಹೇಳ್ಲೇಬೇಕು, ಬಂದವ್ರಲ್ಲಿ ಒಬ್ಬ, ಪೈಪ್ ಸರಿ ಮಾಡೋವರೆಗೆ ಹಳೇ ಗುಂಡಿ ಬಳಸಿ, ಒಬ್ಬ ಹುಡುಗನ್ನ ಒಳಗೆ ಇಳಿಸಿ ಕ್ಲೀನ್ ಮಾಡಿಸಿಕೊಡ್ತೀವಿ ಅಂದ. ನಮ್ಮನೆಯವ್ರು ಅಪರೂಪಕ್ಕೆ ಸಿಟ್ಟಾಗೋದು, ಅವತ್ತು ಆದ್ರು. ಮನುಷ್ಯರನ್ನ ಗುಂಡಿಗೆ ಇಳಿಸಿ ಬಳಿಸೋ ಹಾಗಿಲ್ಲ ಅಂತ 2013ರ ಕಾನೂನೇ ಇದೆ, ಕಾನೂನು ಬಿಡಿ, ಆ ಗ್ಯಾಸಿಗೆ ಎಷ್ಟು ಜನ ಹೋಗಿದ್ದಾರೆ ಅಂತ ಪೇಪರ್ ಓದೋರಿಗೆ ಗೊತ್ತಿಲ್ವಾ. ಅಲ್ಲಿಗೆ ಅವರ ಸರ್ವಿಸ್ ನಮಗೆ ಸಾಕಾಯ್ತು.

ಮುಂದಿನದೆಲ್ಲ ನಮ್ಮ ಮೇಸ್ತ್ರಿ ಕೆಲ್ಸ, ಅವ್ರಿಗೆ ಐದಕ್ಕೆ ಐದು. ಮೊದ್ಲು ಅವ್ರು ಟ್ಯಾಂಕ್ ಬೇಡ, ಅವಳಿ ಗುಂಡಿ ಮಾಡುವ ಅಂದಿದ್ರು, ಸರ್ಕಾರದವ್ರು ಹಳ್ಳಿಗಳಿಗೆ ಹೇಳೋದು ಅದೇ ಅಲ್ವಾ, ಎರಡು ಗುಂಡಿ, ಒಂದು ತುಂಬಿದ್ಮೇಲೆ ಇನ್ನೊಂದಕ್ಕೆ ತಿರುಗ್ಸೋದು, ಎರಡು ವರ್ಷ ಬಿಟ್ರೆ ಮೊದಲನೇದು ಗೊಬ್ಬರ. ಘಟ್ಟದ ಮೇಲೆ ಅದಕ್ಕಿಂತ ಒಳ್ಳೇದು ಇಲ್ಲ. ಆದ್ರೆ ನಮ್ಮಲ್ಲಿ ಅದ್ರ ಅಡಿ ನಾಲ್ಕು ತಿಂಗಳು ನೀರಲ್ಲೇ ಇರತ್ತಲ್ಲ, ಗೊಬ್ಬರ ಆಗೋದು ಯಾವಾಗ, ಅದು ಸೀದಾ ಬಾವಿಗೇ. ಅವ್ರೇ ಎರಡು ದಿನ ಯೋಚ್ನೆ ಮಾಡಿ ಬೇಡ ಅಂದ್ರು.

ಅಕ್ಟೋಬರಲ್ಲಿ ಟ್ಯಾಂಕ್ ಹೊರಗೆ ತೆಗ್ಸಿ ತೊಳೆದು ನೋಡಿದ್ರೆ ಗೀರು ಬಿಟ್ರೆ ಎಂತ ಆಗಿರ್ಲಿಲ್ಲ. ಈ ಸಲ ಪೂರ್ತಿ ಹುಗಿಲಿಲ್ಲ. ನಮ್ಮ ಟಾಯ್ಲೆಟ್ ಮೂರು ಮೆಟ್ಟಿಲು ಎತ್ತರದಲ್ಲಿರೋದು ಪುಣ್ಯ, ಹಾಗಾಗಿ ಅರ್ಧ ಮಾತ್ರ ನೆಲದೊಳಗೆ, ಅರ್ಧ ಮೇಲೆ. ಅಡಿಗೆ ದಪ್ಪ ಕಾಂಕ್ರೀಟ್ ಹಾಸು, ಅದಕ್ಕೆ ನಾಲ್ಕು ಕಬ್ಬಿಣದ ಕೊಕ್ಕೆ ಎರೆದು, ಟ್ಯಾಂಕ್ ಮೇಲಿಂದ ಲಾರಿಯವ್ರು ಲೋಡ್ ಕಟ್ಟೋ ತರದ ಬೆಲ್ಟು ಹಾಕಿ ಬಿಗಿದ್ರು, ಒಂದಡಿ ಹೊಯ್ಗೆ ತುಂಬಿದ ಹಾಗೆ ಒಳಗೆ ಒಂದಡಿ ನೀರು, ಹಾಗೇ ಸಮ ಸಮ ಮೇಲಕ್ಕೆ ಬಂದ್ರು. ಮೇಲಿನ ಅರ್ಧಕ್ಕೆ ಸುತ್ತ ಮುರಕಲ್ಲಿನ ಗೋಡೆ. ನೋಡೋಕೆ ತುಳಸಿಕಟ್ಟೆ ಅಣ್ಣನ ಹಾಗಿದೆ, ಇರ್ಲಿ.

ಇಂಗುಗುಂಡಿ ಮುಚ್ಚಿಸಿದ್ವಿ. ಅದ್ರ ಬದಲು ನೆಲದ ಮೇಲೇ ಎರಡಡಿ ಗೋಡೆ ಕಟ್ಟಿ, ಹತ್ತಡಿ ಉದ್ದ ನಾಲ್ಕಡಿ ಅಗಲ, ಒಳಗೆ ದಪ್ಪ ಟಾರ್ಪಾಲು ಹಾಸಿ, ದೊಡ್ಡ ಜಲ್ಲಿ, ಮೇಲೆ ಸಣ್ಣ ಜಲ್ಲಿ, ಅದ್ರಲ್ಲಿ ಕಾಬಾಳೆ ಹೂವಿನ ಗಿಡ, ಕ್ಯಾನಾ ಅಂತಾರಲ್ಲ ಅದು. ಟ್ಯಾಂಕಿಂದ ಬಂದ ನೀರು ಒಂದು ತುದೀಲಿ ಜಲ್ಲಿ ಒಳಗೆ ಹೋಗಿ, ಬೇರಿನ ಮಧ್ಯ ನಿಧಾನಕ್ಕೆ ಹರ್ದು, ಇನ್ನೊಂದು ತುದೀಲಿ ಬಾವಿಯಿಂದ ದೂರದ ಮೂಲೇಲಿ ಬಾಳೆ ಬುಡಕ್ಕೆ ಬೀಳತ್ತೆ. ನೀರು ಜಲ್ಲಿ ಮೇಲೆ ಕಾಣಬಾರ್ದು, ಕಂಡ್ರೆ ಸೊಳ್ಳೆ. ಜೋರು ಮಳೇಲಿ ಮಾತ್ರ ಅದೂ ತುಂಬಿ ಚೆಲ್ಲತ್ತೆ, ಅದಕ್ಕೆ ನಮ್ಮ ಹತ್ರ ಇನ್ನೂ ಉಪಾಯ ಇಲ್ಲ.

ಎಲ್ರೂ ತಿಳ್ಕೊಬೇಕಾದ್ದು ಇಲ್ಲೇ ಇರೋದು. ಟ್ಯಾಂಕಿಂದ ಬರೋ ನೀರು ತಿಳಿಯಾಗಿ ಕಾಣತ್ತೆ, ಸೇಲ್ಸ್ ಹುಡುಗ ಗ್ಲಾಸಲ್ಲಿ ಹಿಡಿದು ತೋರಿಸ್ತಾನೆ, ಆದ್ರೆ ತಿಳಿ ಬೇರೆ ಶುದ್ಧ ಬೇರೆ. ಟ್ಯಾಂಕು ಕೊಳಕಲ್ಲಿ ಒಂದು ಪಾಲನ್ನಷ್ಟೇ ತೆಗೆಯತ್ತೆ, ರೋಗದ ಕ್ರಿಮಿ ಬಹಳಷ್ಟು ಹಾಗೇ ಹೊರಗೆ ಬರತ್ತೆ. ಆ ನೀರು ಎಲ್ಲಿಗೆ ಹೋಗತ್ತೆ ಅನ್ನೋದಕ್ಕೆ ದುಡ್ಡು ಇಡದೆ ಟ್ಯಾಂಕಿಗೆ ಮಾತ್ರ 46 ಸಾವಿರ ಕೊಟ್ರೆ ಅರ್ಧ ಕೆಲ್ಸಕ್ಕೆ ಪೂರ್ತಿ ಕೂಲಿ ಕೊಟ್ಟ ಹಾಗೆ. ಮೇಸ್ತ್ರಿ ಕೆಲ್ಸಕ್ಕೆ ಜಲ್ಲಿ ಸಿಮೆಂಟ್ ಸೇರಿ ನಮಗೆ ಇನ್ನೂ 31 ಸಾವಿರ ಆಯ್ತು.

ಅಡುಗೆಮನೆ ನೀರಿಗೆ ಬೇರೆ ಒಂದು ಸಣ್ಣ ಜಿಡ್ಡಿನ ತೊಟ್ಟಿ ಮಾಡಿಸಿದೀವಿ, ಮೀನು ಮನೆಯವ್ರು ಇದನ್ನ ಮರೀಬೇಡಿ. ಬಂಗುಡೆ ಫ್ರೈ ಮಾಡಿದ ತೆಂಗಿನೆಣ್ಣೆ, ಕಾಯಿ ಹಿಂಡಿದ ಜಿಡ್ಡು, ಮೀನಿನ ಹುರುಪೆ ಎಲ್ಲ ಅಲ್ಲೇ ನಿಲ್ಲತ್ತೆ. ಡಿಸೆಂಬರ್ ಬೆಳಿಗ್ಗೆ ಮುಚ್ಚಳ ತೆಗೆದ್ರೆ ಮೇಲೆ ಬಿಳಿ ಹೆಪ್ಪು, ಗ್ಯಾಸ್ ಸ್ಟವ್ ಪಕ್ಕದ ಎಣ್ಣೆ ಬಾಟ್ಲಿ ಗಟ್ಟಿಯಾದ ದಿನ ಇದೂ ಗಟ್ಟಿ, ಸೌಟಲ್ಲಿ ಎತ್ತಿ ಬಿಸಾಡೋದು ಸುಲಭ. ಪೈಪೊಳಗೆ ಹಾಗೆ ಹೆಪ್ಪುಗಟ್ಟಿದ್ರೆ ಏನಾಗ್ತಿತ್ತು ಅಂತ ಯೋಚ್ನೆ ಮಾಡಿ.

ಸಕ್ಕಿಂಗ್ ಗಾಡಿಯವ್ರ ರಿವ್ಯೂನೂ ಇಲ್ಲೇ ಮುಗಿಸ್ತೀನಿ. ಒಂದು ಲೋಡಿಗೆ 3500, ಹೇಳಿದ ಟೈಮಿಗೆ ಬರ್ತಾರೆ, ಗ್ಲೌಸ್ ಹಾಕ್ತಾರೆ, ಪೈಪ್ ಸುತ್ತಿದ ಜಾಗ ನೀರು ಹಾಕಿ ತೊಳ್ದು ಹೋಗ್ತಾರೆ, ಯಾರೂ ಒಳಗೆ ಇಳಿಯಲ್ಲ. ನಾಲ್ಕು ಸ್ಟಾರ್. ಐದನೇದು ಯಾಕಿಲ್ಲ ಅಂದ್ರೆ, ಟೀ ಕೊಡುವಾಗ "ಅಣ್ಣ ಇದನ್ನ ಎಲ್ಲಿ ಹಾಕ್ತೀರಿ" ಅಂತ ಕೇಳ್ದೆ. ಅವ್ರು ಲೋಟ ನೋಡ್ಕೊಂಡು "ಅದ್ ಬ್ಯಾಡ ಅಕ್ಕ, ಯಾರ್ದೋ ತೋಟಕ್ಕೆ" ಅಂದ್ರು. ತಪ್ಪು ಅವರೊಬ್ರದ್ದೇ ಅಂತ ಹೇಗೆ ಹೇಳೋದು, ಹತ್ರದಲ್ಲಿ ಸರಿಯಾದ ಜಾಗ ಇದ್ರೆ ತಾನೇ ಹಾಕೋದು. ನನ್ನ ತಂಗಿ ಮನೆ ಬೆಂಗಳೂರು ಏರ್‌ಪೋರ್ಟ್ ಕಡೆ, ಅಲ್ಲಿ ದೇವನಹಳ್ಳೀಲಿ 2015ರಿಂದ ಇಂಥ ಗಾಡಿಗಳು ತಂದದ್ದನ್ನ ಸಂಸ್ಕರಣೆ ಮಾಡೋ ಘಟಕ ಇದೆ, ಹೂಳನ್ನ ಒಣಗ್ಸಿ ಗೊಬ್ಬರ ಮಾಡ್ತಾರೆ. ನಮ್ಮ ಸುತ್ತಿನ ನಾಲ್ಕೈದು ಪಂಚಾಯ್ತಿ ಸೇರಿದ್ರೆ ಒಂದು ಆಗ್ಲಾರ್ದಾ. ಗ್ರಾಮಸಭೇಲಿ ಕೇಳಿದೀನಿ, ಬರ್ಕೊಂಡಿದಾರೆ.

ಇನ್ನು ಬಾಟ್ಲಿ. ಕಳೆದ ಮೇ ತಿಂಗಳಲ್ಲಿ ಮತ್ತೆ ಇಟ್ಟೆ, ಎರಡು ದಿನ ಆದ್ರೂ ಬಣ್ಣ ಬದಲಾಗ್ಲಿಲ್ಲ, ಅತ್ತೆ ಊರಿಗೆಲ್ಲ ತೋರ್ಸಿದ್ರು. ಆಗಸ್ಟಲ್ಲಿ ಇಟ್ಟೆ, ಕಪ್ಪು. ಮೊದಲಿನ ಹಾಗೆ ಒಂದೇ ರಾತ್ರಿಗಲ್ಲ, ಎರಡನೇ ದಿನ ಸಂಜೆಗೆ, ಆದ್ರೆ ಕಪ್ಪೇ. ನಮ್ಮ ಗುಂಡಿ ಮುಚ್ಚಿದ್ರೆ ಏನಾಯ್ತು, ಬಾವಿ ಸುತ್ತ ಇನ್ನೂ ಐದು ಮನೆ ಗುಂಡಿ ಇದೆ, ಎಲ್ಲ ನಮ್ಮ ಮಾವನವರ ಕಾಲದ್ದೇ, ಎಲ್ಲ "ಯಾವತ್ತೂ ತುಂಬದ" ಒಳ್ಳೆ ಗುಂಡಿಗಳು, ಮಳೆಗಾಲದಲ್ಲಿ ಹೊಯ್ಗೆ ಒಳಗಿನ ನೀರಿಗೆ ಯಾರ ಕಂಪೌಂಡು ಯಾವ್ದು ಅಂತ ಗೊತ್ತಾಗಲ್ಲ. ಕುದಿಸೋದು ನಿಂತಿಲ್ಲ.

ಆಚೆಮನೆ ಅಕ್ಕ ಮೊನ್ನೆ ಬಂದು ಕಟ್ಟೆ ಮೇಲೆ ಕೂತು, ಬೆಲ್ಟಿಗೆ ಎಷ್ಟಾಯ್ತು ಜಲ್ಲಿ ಎಲ್ಲಿಂದ ತರಿಸಿದ್ರಿ ಅಂತೆಲ್ಲ ಕೇಳ್ಕೊಂಡು ಹೋದ್ರು, ಮೇಸ್ತ್ರಿ ನಂಬರ್ ಕೊಟ್ಟಿದೀನಿ. ಇನ್ಯಾರಾದ್ರೂ ಈ ಕಡೆಯವ್ರು ಮಾಡಿಸೋದಿದ್ರೆ ಮಾರ್ಚಲ್ಲಿ ಬಂದು ನೋಡ್ಬೇಡಿ, ಜುಲೈಯಲ್ಲಿ ಛತ್ರಿ ಹಿಡ್ಕೊಂಡು ಬನ್ನಿ, ಆಗಲೇ ಎಲ್ಲ ಕಾಣೋದು. ಕಾಬಾಳೆ ಗೆಡ್ಡೆ ಕೂಡ ಬೇಕಾದಷ್ಟಿದೆ, ಚೀಲ ತನ್ನಿ.